ಕೇಳದೆ ಒಯ್ದದ್ದು

ಮೆಟ್ರೊ ಡನಿಲ್ಯೂಕನ ಮನೆಗೆ ಬೀಗವೇ ಇರಲಿಲ್ಲ ಎಂದು ಊರವರು ಹೇಳುವುದು ಪೂರ್ತಿ ನಿಜವಲ್ಲ. ಬಾಗಿಲಿಗೆ ಬೀಗವಿತ್ತು, ಅದರ ಕೀಲಿಕೈ ಎಲ್ಲಿದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅವನ ಅಪ್ಪ ಮನೆ ಕಟ್ಟಿಸಿದ ಕಾಲಕ್ಕೆ ಅದನ್ನು ಅಡುಗೆಮನೆಯ ಒಂದು ಮೊಳೆಗೆ ತಗುಲಿಹಾಕಿದ್ದನಂತೆ. ಆ ಮೊಳೆಯ ಮೇಲೆ ಕ್ಯಾಲೆಂಡರು ಬಂತು, ಕ್ಯಾಲೆಂಡರಿನ ಮೇಲೆ ಕೋಟು ಬಂತು, ಗೋಡೆಗೆ ನಾಲ್ಕೈದು ಸಲ ಬಣ್ಣ ಬಂತು, ಕೊನೆಗೆ ಮೊಳೆಯೂ ಇಲ್ಲ, ಕೀಲಿಕೈಯೂ ಇಲ್ಲ. ಅದನ್ನು ಹುಡುಕುವ ಪ್ರಮೇಯ ಯಾರಿಗೂ ಬರಲಿಲ್ಲ.

ಮೆಟ್ರೊ ಎಂದರೆ ಪಟ್ಟಣದಲ್ಲಿ ಓಡುವ ರೈಲಲ್ಲ. ಡಿಮಿತ್ರೊ ಎಂಬ ಉಕ್ರೇನಿನ ಹೆಸರನ್ನು ಶಾಲೆಯಲ್ಲಿ ಯಾರೋ ಅರ್ಧ ನುಂಗಿ ಬರೆದುಕೊಂಡದ್ದರ ಫಲ. ಕೆನಡಾದ ಸಸ್ಕ್ಯಾಚುವಾನಿನ ನಮ್ಮ ಕಡೆ ಇಂಥ ಮೆಟ್ರೊಗಳು ಹಿಂದೆ ಊರಿಗೆ ನಾಲ್ಕಾದರೂ ಇರುತ್ತಿದ್ದರು. ನಮ್ಮ ವಿಶ್ನಾದಲ್ಲಿ ಈಗ ಉಳಿದಿರುವುದು ಇವನೊಬ್ಬನೇ. ಚಿಕ್ಕವರಿಗೆಲ್ಲ ಅವನು ವುಯ್ಕೊ, ಅಂದರೆ ಮಾವ. ಹೊಲವನ್ನು ಬೇರೆಯವರಿಗೆ ಗುತ್ತಿಗೆಗೆ ಕೊಟ್ಟು, ಪಂಚಾಯಿತಿಯ ರಸ್ತೆಗಳನ್ನು ಹೆರೆಯುವ ದೊಡ್ಡ ಹಳದಿ ಯಂತ್ರ ಓಡಿಸಿಕೊಂಡಿದ್ದ. ಬೇಸಿಗೆಯಲ್ಲಿ ಜಲ್ಲಿ, ಚಳಿಗಾಲದಲ್ಲಿ ಹಿಮ. ಯಾವ ದೂಳಿನ ಹಿಂದೆ ಯಾರ ಗಾಡಿ ಬರುತ್ತಿದೆ ಎಂದು ಒಂದು ಮೈಲಿ ದೂರದಿಂದಲೇ ಹೇಳುತ್ತಿದ್ದ.

ಅವನ ಪಿಕಪ್ ಗಾಡಿಯ ಕೀಲಿಕೈ ಗಾಡಿಯಲ್ಲೇ ಇರುತ್ತಿತ್ತು. ಅವನದೊಂದೇ ಅಲ್ಲ, ಎಲ್ಲರದೂ. ಬೇಕಾದವರು ಒಯ್ಯುತ್ತಾರೆ, ಕೆಲಸವಾದ ಮೇಲೆ ತಂದು ನಿಲ್ಲಿಸುತ್ತಾರೆ, ಮರ್ಯಾದಸ್ಥರಾದರೆ ಡೀಸೆಲ್ಲು ತುಂಬಿಸುತ್ತಾರೆ. ಕೇಳಬೇಕೆಂಬ ಪದ್ಧತಿ ಇಲ್ಲ. ಕೇಳಿದರೆ ಎದುರಿಗಿದ್ದವನಿಗೆ ಅವಮಾನ, "ನಾನು ಕೊಡಲ್ಲ ಅಂತ ಅಂದ್ಕೊಂಡ್ಯಾ" ಎಂದು ಮುಖ ದಪ್ಪ ಮಾಡಿಕೊಳ್ಳುತ್ತಿದ್ದರು. ಗಾಡಿಗಿಂತ ದೊಡ್ಡ ವಿಷಯ ಮನೆ ಬಾಗಿಲು. ಇಲ್ಲಿಯ ಚಳಿ ತಮಾಷೆಯದಲ್ಲ. ಗಾಡಿ ಕೆಟ್ಟು ರಸ್ತೆಯಲ್ಲಿ ನಿಂತವನಿಗೆ ಕಣ್ಣಿಗೆ ಬಿದ್ದ ಮೊದಲ ಮನೆಯ ಬಾಗಿಲು ತೆರೆಯಲೇಬೇಕು, ಮನೆಯವರು ಇರಲಿ ಬಿಡಲಿ.

ಇದನ್ನು ಮೆಟ್ರೊ ಬೇರೆಯವರ ಬಾಯಿಂದ ಕೇಳಿ ಕಲಿತದ್ದಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲಿ ಹಿಮದ ಬಿರುಗಾಳಿಗೆ ಸಿಕ್ಕಿ, ಮುಂದಿದ್ದ ತನ್ನ ಕೈಯೇ ತನಗೆ ಕಾಣದೆ, ಬೇಲಿಯ ತಂತಿ ಹಿಡಿದು ತೆವಳಿಕೊಂಡು ಒಂದು ಮನೆಯ ಮೆಟ್ಟಿಲು ಮುಟ್ಟಿದ್ದ. ಅದು ಪಕ್ಕದ ಹೊಲದ ನಾರ್ವೆಯವರ ಮನೆ, ಲೊಕನ್ನರದು. ಮನೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಬಾಗಿಲು ತಳ್ಳಿ ಒಳಗೆ ಹೋಗಿ ಒಲೆ ಹೊತ್ತಿಸಿ, ಅವರ ಮೇಜಿನ ಮೇಲಿದ್ದ ಇಡೀ ರೊಟ್ಟಿ ತಿಂದು, ಅವರ ಮಗ ಆರ್ವಿಡ್‌ನ ಹಾಸಿಗೆಯಲ್ಲೇ ಮಲಗಿಬಿಟ್ಟ. ಮರುದಿನ ಮನೆಯವರು ಬಂದಾಗ ಮುದುಕ ಲೊಕನ್ ಹೇಳಿದ ಮಾತು ಒಂದೇ ಅಂತೆ, ಬೆಣ್ಣೆ ಕೆಳಗಿನ ಕಪಾಟಿನಲ್ಲಿತ್ತಲ್ಲೋ, ಬರೀ ರೊಟ್ಟಿ ಯಾಕೆ ತಿಂದೆ ಎಂದು. ಅವತ್ತಿನಿಂದ ಮೆಟ್ರೊ ಮತ್ತು ಆರ್ವಿಡ್ ಲೊಕನ್ ಒಂದೇ ತಟ್ಟೆಯಲ್ಲಿ ಉಂಡವರ ಹಾಗೆ. ಇಬ್ಬರ ನಡುವೆ ಬೇಲಿಯೊಂದಿತ್ತು, ಅದು ದನಗಳಿಗೆ.

ಆಮೇಲೆ ಕಳ್ಳತನ ಶುರುವಾಯಿತು. ಮೊದಮೊದಲು ಡೀಸೆಲ್ಲು, ಬ್ಯಾಟರಿ. ಆಮೇಲೆ ತಾಮ್ರದ ತಂತಿಗಾಗಿ ನೀರಿನ ಪಂಪುಗಳನ್ನೇ ಕಿತ್ತರು. ಚರ್ಚಿನ ಗಂಟೆಯನ್ನು ಬಿಟ್ಟರಲ್ಲ ಎಂದು ನಾವು ಸಂತೋಷಪಟ್ಟೆವು, ಅದು ಕಬ್ಬಿಣದ್ದು. ಪೊಲೀಸರಿಗೆ ಫೋನು ಮಾಡಿದರೆ ಬರುವುದು ಮರುದಿನ, ಇಲ್ಲವೇ ಮರುವಾರ, ಇಲ್ಲವೇ ಇಲ್ಲ. ಕಾರ್ಡೆಲ್‌ನ ಠಾಣೆಗೆ ನಮ್ಮಂಥ ಊರುಗಳು ಒಂದು ರಾಶಿ. ಇರಬೇಕಾದ ಪೊಲೀಸರಲ್ಲಿ ಅರ್ಧ ಜನ ಇಲ್ಲ, ಇದ್ದವರಲ್ಲಿ ಒಬ್ಬರಿಗೆ ಹೆರಿಗೆ ರಜೆ, ಇನ್ನೊಬ್ಬರಿಗೆ ಮನಸ್ಸು ಸರಿಯಿಲ್ಲದ ರಜೆ. ನಾನು ಊರಿನ ಸಹಕಾರಿ ಅಂಗಡಿಯಲ್ಲಿ ಮೊಳೆ, ತಂತಿ, ಬಣ್ಣ ಮಾರುವವನು. ಎಲ್ಲರ ಸಿಟ್ಟೂ ನನ್ನ ಕಟ್ಟೆಯ ಮುಂದೆಯೇ ಬಂದು ಉದುರುತ್ತಿತ್ತು. ನನಗೂ ಸಿಟ್ಟಿತ್ತು, ಆದರೆ ಯಾರ ಮೇಲೆ ಎಂದು ಕೇಳಿದರೆ ಬೆರಳು ತೋರಿಸಲು ಬರುತ್ತಿರಲಿಲ್ಲ.

ಬೆರಳು ಎಂದೆನಲ್ಲ, ಅದರದೇ ಒಂದು ಕತೆ. ನಮ್ಮ ರಸ್ತೆಗಳಲ್ಲಿ ಎದುರು ಬಂದ ಗಾಡಿಗೆ ಸ್ಟೀರಿಂಗ್ ಮೇಲಿಂದ ತೋರುಬೆರಳು ಎತ್ತುವುದು ವಾಡಿಕೆ. ಕೈ ಬೀಸುವುದಲ್ಲ, ಅದು ಪ್ರವಾಸಿಗಳ ಕೆಲಸ. ಒಂದು ಬೆರಳು, ಅದೂ ಅರ್ಧ. ಒಂದು ದಿನ ಮೆಟ್ರೊ ರಸ್ತೆ ಹೆರೆಯುತ್ತಿದ್ದಾಗ ಎದುರಿಗೆ ಬಂದ ಬಿಳಿ ಪಿಕಪ್ಪಿಗೆ ಬೆರಳೆತ್ತಿದ. ಅದರಲ್ಲಿದ್ದವನೂ ಬೆರಳೆತ್ತಿದ. ಸಂಜೆ ಮನೆಗೆ ಹೋಗಿ ನೋಡಿದರೆ ಕೊಟ್ಟಿಗೆಯಲ್ಲಿದ್ದ ನಾಲ್ಕು ಚಕ್ರದ ಬೈಕು ಇಲ್ಲ. ಆ ಬಿಳಿ ಗಾಡಿಯ ಹಿಂದೆ ತಾಡಪಾಲಿನಡಿಯಲ್ಲಿ ಕೂತಿದ್ದದ್ದು ಅದೇ. ತನ್ನ ಬೈಕನ್ನು ತಾನೇ ಬೀಳ್ಕೊಟ್ಟಿದ್ದ.

ಬೈಕು ಹೋದದ್ದಕ್ಕಿಂತ ಅವನನ್ನು ಕಾಡಿದ್ದು ಆ ಬೆರಳು. ನನ್ನ ಅಂಗಡಿಗೆ ಬಂದು ಅದನ್ನೇ ಮತ್ತೆ ಮತ್ತೆ ಹೇಳಿದ.

"ಬೆರಳು ಎತ್ತಿದ ಕಣೋ ಅವ್ನು. ಸರಿಯಾಗಿ ಎತ್ತಿದ. ಅರ್ಧ."

"ಅದಕ್ಕೇನೀಗ?"

"ಹೊರಗಿನವ್ರಿಗೆ ಹಂಗೆ ಎತ್ತೋಕೆ ಬರಲ್ಲ. ನಮ್ಮವನೇ ಯಾರೋ. ನಮ್ಮವನು ಅಂದ್ರೆ ಕದ್ದಿದ್ದು ಹೆಂಗಾಗುತ್ತೆ? ಬೇಕಿತ್ತೇನೋ, ತರ್ತಾನೇನೋ."

ಬೈಕು ಬರಲಿಲ್ಲ. ಅವನ ಹೆಂಡತಿ ಎಲ್ಸಿ ಪೂರ್ತಿ ಚಳಿಗಾಲ ಅದನ್ನು ಆಡಿಕೊಂಡಳು. ಊಟಕ್ಕೆ ಬಡಿಸುವಾಗ ಇನ್ನೊಂದು ತಟ್ಟೆ ಇಡಲಾ, ನಿನ್ನ ಬೆರಳಿನ ನೆಂಟ ಬರಬಹುದು ಎನ್ನುತ್ತಿದ್ದಳು. ಎಲ್ಸಿಯ ನಾಲಿಗೆ ಖಾರ, ಆದರೆ ಅವಳ ಭಯ ನಿಜವಾದದ್ದು. ಗಂಡ ರಸ್ತೆಯಲ್ಲಿರುತ್ತಾನೆ, ಮನೆಯಲ್ಲಿ ಅವಳೊಬ್ಬಳೇ, ಅಂಗಳಕ್ಕೆ ಗುರುತಿಲ್ಲದ ಗಾಡಿ ಬಂದು ತಿರುಗಿಕೊಂಡು ಹೋಗುವುದನ್ನು ಎರಡು ಮೂರು ಸಲ ನೋಡಿದ್ದಳು. ಬಾಗಿಲಿಗೆ ಬೀಗ ಹಾಕಿಸು ಎಂದು ಕೇಳಿದರೆ ಅವನು ಬಿರುಗಾಳಿಯ ಕತೆ ತೆಗೆಯುತ್ತಿದ್ದ. ಆ ಕತೆ ನನಗೆ ಬಾಯಿಪಾಠ, ಬೆಣ್ಣೆಯ ಕಪಾಟಿನವರೆಗೂ ಬಾಯಿಪಾಠ ಎಂದು ಅವಳು ಎದ್ದು ಹೋಗುತ್ತಿದ್ದಳು.

ಫೆಬ್ರವರಿಯಲ್ಲಿ ಊರ ಸಭಾಂಗಣದಲ್ಲಿ ಸಭೆ ಕರೆದರು. ಕಾರ್ಡೆಲ್‌ನ ಠಾಣೆಯಿಂದ ಕಾರ್ಪೊರಲ್ ಗೋಶ್ಯೆ ಬಂದಿದ್ದಳು, ಒಬ್ಬಳೇ. ಕಣ್ಣ ಕೆಳಗೆ ಕಪ್ಪು. ಜನ ಅವಳ ಮೇಲೆ ಮುಗಿಬಿದ್ದರು. ತೆರಿಗೆ ಕಟ್ಟುವುದು ಯಾಕೆ ಎಂದೊಬ್ಬ, ಬಂದೂಕು ಹಿಡಿದು ನಾವೇ ಕಾಯುತ್ತೇವೆ ಎಂದೊಬ್ಬ, ಕಳ್ಳನಿಗೆ ಗುಂಡು ತಗುಲಿದರೆ ಜೈಲಿಗೆ ಹಾಕುವುದಕ್ಕೆ ಮಾತ್ರ ನಿಮಗೆ ಪುರುಸೊತ್ತಿರುತ್ತದೆ ಎಂದು ಮತ್ತೊಬ್ಬ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಬಾಗಿಲಿಗೆ ಬೀಗ ಹಾಕಿ, ಗಾಡಿಯಲ್ಲಿ ಕೀಲಿಕೈ ಬಿಡಬೇಡಿ ಎಂದಾಗ ಇಡೀ ಸಭೆ ಬುಸುಗುಟ್ಟಿತು. ಹೆಣ್ಣುಮಗಳು ಹೆದರಲಿಲ್ಲ.

"ನೀವು ಫೋನೇ ಮಾಡಲ್ಲ. ಬೈಕು ಹೋದ್ರೂ ಮಾಡಲ್ಲ, ಬ್ಯಾಟರಿ ಹೋದ್ರೂ ಮಾಡಲ್ಲ. ಮೇಲಿನವ್ರ ಲೆಕ್ಕದಲ್ಲಿ ವಿಶ್ನಾದಲ್ಲಿ ಕಳ್ಳತನಾನೇ ಇಲ್ಲ. ಕಳ್ಳತನ ಇಲ್ದಿರೋ ಊರಿಗೆ ನನಗೆ ಇನ್ನೊಬ್ಬ ಪೊಲೀಸಿನವ್ರನ್ನ ಯಾರು ಕೊಡ್ತಾರೆ? ಏನೇ ಕಾಣೆಯಾಗ್ಲಿ, ಯೋಚನೆ ಮಾಡ್ತಾ ಕೂರಬೇಡಿ, ಮೊದ್ಲು ಫೋನ್ ಮಾಡಿ."

ಆಗ ಮೆಟ್ರೊ ಎದ್ದು ನಿಂತು, ಏನು ಕಾಣೆಯಾಗಿದೆ ಅಂತ ಗೊತ್ತಾಗೋದು ಹೆಂಗಮ್ಮಾ ಎಂದು ಕೇಳಿದ. ಎಲ್ಲರೂ ನಕ್ಕರು. ಅವನು ಕೇಳಿದ್ದು ನಗಿಸುವುದಕ್ಕಲ್ಲ ಎಂದು ನನಗೆ ಹೊಳೆದದ್ದು ಆಮೇಲೆ.

ನಾವು ಸಭೆಯಲ್ಲಿ ಕಳ್ಳರನ್ನು ಬಯ್ಯುತ್ತಿದ್ದಾಗ ಕಳ್ಳರು ನಮ್ಮ ಅಂಗಳಗಳಲ್ಲಿದ್ದರು. ಇಡೀ ಊರು ಒಂದೇ ಚಾವಣಿಯ ಕೆಳಗೆ ಸೇರಿದರೆ ಇನ್ನೇನಾಗುತ್ತದೆ? ಮೆಟ್ರೊನ ಸಾಮಾನಿನ ಕೊಟ್ಟಿಗೆಯನ್ನೂ ಬಳಿದು ಹೋಗಿದ್ದರು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬಂತೆ ಮರುದಿನ ನನ್ನ ಅಂಗಡಿಯಲ್ಲಿ ಬೀಗಗಳು ಮಧ್ಯಾಹ್ನದೊಳಗೆ ಖಾಲಿ. ಎಲ್ಸಿ ಮೊದಲ ಗಿರಾಕಿ.

ಮೆಟ್ರೊ ಈ ಸಲ ಮಾತು ಕೇಳಿ ಪೊಲೀಸರಿಗೆ ಹೇಳಲು ಹೊರಟ. ಏನೇನು ಹೋಗಿದೆ ಎಂದು ಕೊಟ್ಟಿಗೆಯಲ್ಲಿ ನಿಂತು ನೋಡಿದರೆ ತಲೆ ಗಿರ್ರೆಂದಿತು. ಗರಗಸ ಇಲ್ಲ, ಆದರೆ ಗರಗಸವನ್ನು ನೆರೆಯ ರೈತ ಕಚೂರನ ಮಗ ಒಯ್ದಿದ್ದನಲ್ಲವೇ? ಉದ್ದದ ಏಣಿ ಇಲ್ಲ, ಅದು ಆರ್ವಿಡ್‌ನ ಮನೆಗೆ ಹೋಗಿ ವರ್ಷಗಳೇ ಆದವು. ಇಲ್ಲವೇ ಅಲ್ಲಿಂದ ಬಂದಿತ್ತೋ? ಅದಕ್ಕಿಂತ ಕೆಟ್ಟದ್ದು, ಕಳ್ಳರು ಬಿಟ್ಟುಹೋದ ಸಾಮಾನುಗಳಲ್ಲಿ ಅರ್ಧ ಅವನದಲ್ಲ. ಮೂಲೆಯಲ್ಲಿ ನೀಲಿ ಬಣ್ಣದ ಪಟ್ಟಿ ಬಳಿದ ಗಾಡಿ ಎತ್ತುವ ಒಂದು ಎತ್ತರದ ಜಾಕ್ ನಿಂತಿತ್ತು. ನೀಲಿ ಪಟ್ಟಿ ಲೊಕನ್ನರ ಗುರುತು. ಯಾವಾಗ ತಂದದ್ದು, ಯಾಕೆ ತಂದದ್ದು, ಅವನಿಗೆ ಒಂದೂ ನೆನಪಿಲ್ಲ.

ಅವನು ಅಂಗಡಿಗೆ ಬಂದು ಕಟ್ಟೆಗೆ ಒರಗಿ ನಿಂತು, ಪೊಲೀಸರು ಈಗ ಬಂದು ನೋಡಿದರೆ ಯಾರನ್ನು ಹಿಡಿಯಬೇಕು ಹೇಳು ಎಂದ. ನಾನು ನಕ್ಕು ಬಿಟ್ಟೆ. ಅವನು ನಗಲಿಲ್ಲ.

ಬಾಗಿಲಿಗೆ ಹೊಸ ಬೀಗ ಬಂತು. ಗಾಡಿಯ ಕೀಲಿಕೈಯ ವಿಷಯದಲ್ಲಿ ಮಾತ್ರ ಅವನು ಜಗ್ಗಲಿಲ್ಲ. ಅದಕ್ಕೆ ಎಲ್ಸಿ ಒಂದು ಆಣೆ ಮಾಡಿಸಿಕೊಂಡಳು, ಇನ್ನು ಮೇಲೆ ಏನು ಕಾಣದಿದ್ದರೂ ಬೆರಳು ಗಿರಳು ಎಂದು ಯೋಚಿಸುತ್ತ ಕೂರದೆ ಮೊದಲು ಫೋನು ಮಾಡಬೇಕೆಂದು. ಅವನು ಹೂಂ ಎಂದ. ಅವನ ಹೂಂಗೆ ಬೆಲೆಯಿದೆ ಎಂದು ಊರಿಗೇ ಗೊತ್ತು.

ಮಾರ್ಚಿನಲ್ಲಿ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಚರ್ಚಿನ ನೆಲಮಾಳಿಗೆಯಲ್ಲಿ ಪಿರೋಹಿ ಮಾಡುವ ಕೆಲಸವಿತ್ತು. ಆಲೂಗಡ್ಡೆ ತುಂಬಿ ಅಂಚು ಚಿವುಟಿ ಬೇಯಿಸುವ ಕಡುಬು, ಸಾವಿರಗಟ್ಟಲೆ. ಗಂಡ ಹೆಂಡತಿ ಇಬ್ಬರೂ ಎಲ್ಸಿಯ ಕಾರಿನಲ್ಲಿ ಬೆಳಿಗ್ಗೆಯೇ ಹೋಗಿದ್ದರು. ಮಧ್ಯಾಹ್ನ ಬಂದು ನೋಡಿದರೆ ಅಂಗಳದಲ್ಲಿ ಪಿಕಪ್ ಇಲ್ಲ.

ಹಿಂದಿನ ಮೆಟ್ರೊ ಆಗಿದ್ದರೆ ಮೊದಲು ನೆಲ ನೋಡುತ್ತಿದ್ದ. ಬೆಳಗಿನ ಜಾವ ಹೊಸ ಹಿಮ ಬಿದ್ದಿತ್ತು. ಆರ್ವಿಡ್‌ನ ಹೊಲದ ಕಡೆಯಿಂದ, ಬೇಲಿ ದಾಟಿ, ನೇರವಾಗಿ ಗಾಡಿ ನಿಲ್ಲಿಸುವ ಜಾಗಕ್ಕೆ ದೊಡ್ಡ ಬೂಟಿನ ಹೆಜ್ಜೆಗಳು ಬಂದಿದ್ದವು. ಬರುವ ಹೆಜ್ಜೆಗಳಷ್ಟೆ, ಹೋದದ್ದಿಲ್ಲ. ಎಳೆಯ ಮಗುವೂ ಓದಬಹುದಾದಷ್ಟು ಸ್ಪಷ್ಟ. ಮೆಟ್ರೊ ನೆಲ ನೋಡಲಿಲ್ಲ, ಎಲ್ಸಿಯ ಮುಖ ನೋಡಿದ. ಅವಳು ಬಾಗಿಲ ಬೀಗ ತೆಗೆದು ಪಕ್ಕಕ್ಕೆ ಸರಿದು ನಿಂತಳು. ಅವನು ಒಳಗೆ ಹೋಗಿ ಫೋನು ತೆಗೆದ.

ಫೋನು ಎತ್ತಿದ್ದು ಎಲ್ಲೋ ದೂರದ ಪಟ್ಟಣದಲ್ಲಿ ಕುಳಿತ ಒಬ್ಬ ಹುಡುಗಿ, ತಕ್ಷಣ ಎತ್ತಿದಳು. ಮರ್ಯಾದೆಯಿಂದಲೇ ಮಾತಾಡಿದಳು.

"ಅಕ್ಕಪಕ್ಕದವ್ರು ಯಾರಾದ್ರೂ ತಗೊಂಡು ಹೋಗಿರಬಹುದಾ ಸರ್?"

"ಹೋಗಿರಬಹುದು."

"ನಿಮ್ಮನ್ನ ಕೇಳಿದ್ರಾ?"

"ಇಲ್ಲ. ಯಾರೂ ಕೇಳಲ್ಲ."

"ಅಂದ್ರೆ ಕೇಳ್ದೆ ತಗೊಂಡು ಹೋಗಿದ್ದಾರೆ."

"ಹೂಂ," ಎಂದ ಮೆಟ್ರೊ. "ಕೇಳ್ದೆ."

"ಸರಿ ಸರ್. ಕಳವು ಅಂತ ಹಾಕ್ತೀನಿ."

ಕೇಳದೆ ಎಂಬ ಆ ಒಂದು ಪದ ಅವಳ ಊರಿನಲ್ಲಿ ಕಳ್ಳತನ, ನಮ್ಮ ಊರಿನಲ್ಲಿ ಸಲಿಗೆ. ಇಬ್ಬರೂ ಸುಳ್ಳು ಹೇಳಲಿಲ್ಲ. ಫೋನು ಇಟ್ಟ ಮೇಲೆ ಮೆಟ್ರೊಗೆ ಒಂದು ಥರಾ ಹಗುರವಾಯಿತಂತೆ, ಕೊನೆಗೂ ಎಲ್ಲರ ಹಾಗೆ ನಡೆದುಕೊಂಡೆ ಎಂದು. ಹಾಗೆಯೇ ಆರ್ವಿಡ್‌ಗೂ ಹೇಳಿ ಎಚ್ಚರಿಸೋಣ ಎಂದು ಅವನಿಗೆ ಫೋನು ಹಚ್ಚಿದ. ಯಾರೂ ಎತ್ತಲಿಲ್ಲ. ಕಳ್ಳರು ಅಲ್ಲೇ ಇದ್ದರೆ ಎಂಬ ಹೆದರಿಕೆಯಾಗಿ ಎಲ್ಸಿಯ ಕಾರು ತೆಗೆದುಕೊಂಡು ಹೊರಟ.

ಆರ್ವಿಡ್‌ನ ಅಂಗಳದಲ್ಲಿ ಆರ್ವಿಡ್‌ನ ಗಾಡಿ ನಿಂತಿತ್ತು. ಮುಂದಿನ ಮುಚ್ಚಳ ಎತ್ತಿತ್ತು. ಒಳಗೆ ಬ್ಯಾಟರಿ ಇರಬೇಕಾದ ಕಡೆ ಎರಡು ತಂತಿಗಳು ಬರಿದೇ ನೇತಾಡುತ್ತಿದ್ದವು. ದನದ ಕೊಟ್ಟಿಗೆಯಿಂದ ನರಳುವ ಸದ್ದು. ಒಳಗೆ ಚೊಚ್ಚಲ ಗಬ್ಬದ ಕೆಂಪು ಕಡಸು ಅಡ್ಡ ಬಿದ್ದುಕೊಂಡಿತ್ತು, ಹಿಂದಿನಿಂದ ಕರುವಿನ ಎರಡು ಗೊರಸುಗಳು ಹೊರಗೆ ಬಂದು ಅಲ್ಲೇ ನಿಂತಿದ್ದವು. ಗೋಡೆಯ ಮೇಲೆ ಕರು ಎಳೆಯುವ ಸಲಕರಣೆ ತೂಗುಹಾಕುವ ಜಾಗ ಖಾಲಿ. ಅದನ್ನು ಕಚೂರನ ಕಡೆಯವರು ಹೋದ ವಾರ ಒಯ್ದದ್ದು ಮೆಟ್ರೊಗೇ ಗೊತ್ತಿತ್ತು.

ಆಗ ಅವನಿಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಆರ್ವಿಡ್‌ನ ಬ್ಯಾಟರಿಯನ್ನು ನಿಜವಾದ ಕಳ್ಳರು ಕದ್ದಿದ್ದರು. ಕಡಸಿಗೆ ನೋವು ಬಂದಿತ್ತು. ಆರ್ವಿಡ್ ಹೊಲ ದಾಟಿ ಬಂದು ಎಂದಿನಂತೆ ಅವನ ಗಾಡಿ ಒಯ್ದು, ಆ ಸಲಕರಣೆ ತರಲು ಕಚೂರನ ಮನೆಗೆ ಹೋಗಿದ್ದ. ಮೆಟ್ರೊ ಅವನ ಹಿಂದೆ ಪೊಲೀಸರನ್ನು ಬಿಟ್ಟಿದ್ದ.

ಆರ್ವಿಡ್‌ನ ಮನೆ ಬಾಗಿಲು ತೆರೆದೇ ಇತ್ತು. ಮೆಟ್ರೊ ಓಡಿಹೋಗಿ ಗೋಡೆಯ ಫೋನು ಹಿಡಿದು ಅದೇ ನಂಬರು ತಿರುಗಿಸಿದ. ಈ ಸಲ ಹುಡುಗಿಯಿಲ್ಲ, ಧ್ವನಿಮುದ್ರಣ. ನಮ್ಮ ಎಲ್ಲ ಸಿಬ್ಬಂದಿ ಬೇರೆ ಕರೆಗಳಲ್ಲಿದ್ದಾರೆ, ದಯವಿಟ್ಟು ಕಾಯಿರಿ. ಆಮೇಲೆ ಪಿಟೀಲಿನ ಸಂಗೀತ. ಕೊಟ್ಟಿಗೆಯಲ್ಲಿ ಕಡಸು ಕೂಗಿತು. ಅವನು ಫೋನನ್ನು ನೇತಾಡಲು ಬಿಟ್ಟು ಕೊಟ್ಟಿಗೆಗೆ ಓಡಿದ, ಹಗ್ಗ ಹುಡುಕಿ ಗೊರಸಿಗೆ ಕಟ್ಟಿದ, ಎಳೆದ. ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಮತ್ತೆ ಮನೆಗೆ ಓಡಿದ, ಪಿಟೀಲು ನಡೆದೇ ಇತ್ತು. ಮತ್ತೆ ಕೊಟ್ಟಿಗೆ. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅಂಗಳದ ನಡುವೆ ಒಂದು ಗಳಿಗೆ ಸುಮ್ಮನೆ ನಿಂತುಬಿಟ್ಟೆ ಎಂದು ಆಮೇಲೆ ನನಗೆ ಹೇಳಿದ. ಅದನ್ನು ಹೇಳುವಾಗಲೂ ಅವನ ಕೈ ಆ ಕಡೆ ಈ ಕಡೆ ಹೋಗುತ್ತಿತ್ತು.

ಯಾವತ್ತೂ ಬಾರದ ಪೊಲೀಸರು ಅವತ್ತು ಬಂದಿದ್ದರು. ಸಭೆಯಲ್ಲಿ ಬಯ್ಯಿಸಿಕೊಂಡ ಮೇಲೆ ಗೋಶ್ಯೆ ನಮ್ಮ ರಸ್ತೆಗಳಲ್ಲಿ ಗಸ್ತು ಹಾಕಿಸುತ್ತಿದ್ದಳಂತೆ. ಕಚೂರನ ಮನೆಯಿಂದ ಸಲಕರಣೆ ಹಾಕಿಕೊಂಡು ವೇಗವಾಗಿ ಬರುತ್ತಿದ್ದ ಪಿಕಪ್ಪು ಗಸ್ತಿನ ಕಾರಿಗೆ ಎದುರಾಯಿತು. ಆರ್ವಿಡ್ ಪಾಪ, ಬೆರಳೆತ್ತಿದ. ಅವರು ದೀಪ ಹಚ್ಚಿ ಅಡ್ಡ ನಿಲ್ಲಿಸಿ, ಪಿಸ್ತೂಲು ಹಿಡಿದು ಇಳಿಸಿ, ಎಪ್ಪತ್ತು ದಾಟಿದ ಮನುಷ್ಯನನ್ನು ಹಿಮದ ಮೇಲೆ ಬೋರಲು ಮಲಗಿಸಿ ಕೈಕೋಳ ಹಾಕಿದರು. ಕರು ಸಾಯ್ತಿದೆ ಎಂದು ಅವನು ಹೇಳಿದ. ಗಾಡಿ ನಿನ್ನದಾ ಎಂದು ಅವರು ಕೇಳಿದರು. ಮೆಟ್ರೊದು. ಅವನನ್ನು ಕೇಳಿದೆಯಾ? ಇಲ್ಲ ಎಂದ ಆರ್ವಿಡ್. ಅವನು ಇನ್ನೇನು ಹೇಳಬೇಕಿತ್ತು?

ಪೊಲೀಸರು ಮಾಡಿದ್ದರಲ್ಲಿ ತಪ್ಪು ಹುಡುಕಲು ನಾನು ತುಂಬ ಪ್ರಯತ್ನಪಟ್ಟಿದ್ದೇನೆ. ಸಿಕ್ಕಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಪಿಟೀಲು ಮುಗಿದು, ಮನುಷ್ಯರ ದನಿ ಬಂದು, ಅದು ಇದು ವಿಚಾರಿಸಿ, ಆರ್ವಿಡ್‌ನನ್ನು ಬಿಡುವ ಹೊತ್ತಿಗೆ ಕರುವಿನ ಕತೆ ಮುಗಿದಿತ್ತು. ಮೆಟ್ರೊ ಕೊಟ್ಟಿಗೆಯ ಗೋಡೆಗೆ ಕಾಲು ಕೊಟ್ಟು ಎಳೆದು ಎಳೆದು ಅಂತೂ ಹೊರಗೆ ತಂದಿದ್ದ. ಉಸಿರಿರಲಿಲ್ಲ. ಹುಲ್ಲಿನಿಂದ ಉಜ್ಜಿದ, ಮೂಗಿಗೆ ಊದಿದ, ತಲೆಕೆಳಗು ಮಾಡಿ ಜಾಡಿಸಿದ. ಕಡಸು ಉಳಿಯಿತು, ಅದು ಸತ್ತ ಕರುವನ್ನು ನೆಕ್ಕುತ್ತಿತ್ತು.

ಆರ್ವಿಡ್ ಪಿಕಪ್ಪಿನಲ್ಲಿ ಬಂದಿಳಿದ. ಎದೆಯಿಂದ ಮೊಣಕಾಲಿನವರೆಗೆ ಬಟ್ಟೆ ಒದ್ದೆ, ಮಣಿಕಟ್ಟಿನ ಮೇಲೆ ಕೆಂಪು ಗೆರೆ. ಕೊಟ್ಟಿಗೆಯೊಳಗೆ ಬಂದು ಕರು ನೋಡಿದ, ಮೆಟ್ರೊನ ರಕ್ತದ ಕೈ ನೋಡಿದ. ಬೈದುಬಿಡುತ್ತಾನೆ ಎಂದು ಮೆಟ್ರೊ ಕಾದ. ಬೈದರೆ ಸಾಕು ಎಂದು ಕಾದ.

"ನೀನು ಸರಿಯಾಗೇ ಮಾಡಿದೀಯ," ಎಂದ ಆರ್ವಿಡ್. "ಮೀಟಿಂಗ್‌ನಲ್ಲಿ ಹೇಳಿದ್ದೂ ಅದೇ ತಾನೆ."

"ಆರ್ವಿಡ್, ನಾನು ನೆಲಾನೇ ನೋಡ್ಲಿಲ್ಲ ಕಣೋ."

ಆರ್ವಿಡ್ ಜೇಬಿಗೆ ಕೈ ಹಾಕಿ ಗಾಡಿಯ ಕೀಲಿಕೈ ತೆಗೆದ. ಅದು ಗಾಡಿಯಿಂದ ಹೊರಗೆ ಬಂದದ್ದನ್ನು ಮೆಟ್ರೊ ಬಹುಶಃ ಅದೇ ಮೊದಲು ನೋಡಿದ್ದು.

"ಇದನ್ನ ಎಲ್ಲಿಡ್ಲಿ?" ಎಂದ ಆರ್ವಿಡ್.

ಆಮೇಲಿನ ದಿನಗಳಲ್ಲಿ ಊರು ಎರಡಾಯಿತು. ಪೊಲೀಸರು ಬರದಿದ್ದರೂ ಕಷ್ಟ, ಬಂದರೂ ಕಷ್ಟ ಎಂದು ಕೆಲವರು. ಗಾಡಿ ಒಯ್ಯುವವನು ಒಂದು ಮಾತು ಹೇಳಿಹೋಗಬೇಕಿತ್ತು, ಕಾಲ ಬದಲಾಗಿದೆ ಎಂದು ಕೆಲವರು. ಅದನ್ನು ಹೇಳುವವರೆಲ್ಲ ಅಲ್ಲಿಯವರೆಗೆ ಮೆಟ್ರೊನ ಗಾಡಿಯನ್ನು ಒಂದಲ್ಲ ಒಂದು ಸಲ ಹೇಳದೆ ಒಯ್ದವರೇ. ಎಲ್ಸಿ ಮಾತ್ರ ಮಾತು ಕಡಿಮೆ ಮಾಡಿದಳು. ಪಿರೋಹಿ ಒಂದು ಡಬ್ಬಿ ತುಂಬಿಕೊಂಡು ಆರ್ವಿಡ್‌ನ ಮನೆಗೆ ಹೋಗಿ ಬಂದಳು. ಅವನು ಡಬ್ಬಿ ತೊಳೆದು ಅದೇ ದಿನ ವಾಪಸು ಕೊಟ್ಟನಂತೆ. ಹಿಂದೆ ಅವನ ಮನೆಗೆ ಹೋದ ಡಬ್ಬಿ ವಾಪಸು ಬಂದ ಇತಿಹಾಸವಿಲ್ಲ. ಅದನ್ನು ಹೇಳಿ ಅವಳು ನನ್ನ ಅಂಗಡಿಯಲ್ಲೇ ಕಣ್ಣೊರೆಸಿಕೊಂಡಳು.

ಒಂದು ಭಾನುವಾರ, ಚರ್ಚಿನಿಂದ ಬಂದು ಗಂಡ ಹೆಂಡತಿ ಊಟಕ್ಕೆ ಕುಳಿತಿದ್ದಾಗ, ಬಾಗಿಲು ತಟ್ಟಿದ ಸದ್ದಾಯಿತು. ಇಬ್ಬರಿಗೂ ಅದೇನೆಂದು ಮೊದಲು ತಿಳಿಯಲಿಲ್ಲ. ಆ ಬಾಗಿಲನ್ನು ಯಾರೂ ತಟ್ಟಿದ್ದೇ ಇಲ್ಲ. ಬರುವವರು ಬಾಗಿಲು ತೆಗೆದು, ಬೂಟು ಕಳಚುತ್ತ ಕಾಫಿ ಇದೆಯಾ ಎನ್ನುತ್ತ ಬರುವವರೇ. ಕಿಟಕಿಯಿಂದ ಇಣುಕಿದ ಎಲ್ಸಿ, ಆರ್ವಿಡ್ ಬಂದಿದ್ದಾನೆ ಎಂದಳು. ಮೆಟ್ರೊನ ಮುಖ ಅರಳಿತು.

"ಬಾರೋ ಒಳಗೆ, ತೆಗೆದೇ ಇದೆ," ಎಂದು ಕೂತಲ್ಲಿಂದಲೇ ಕೂಗಿದ.

ಬಾಗಿಲ ಹಿಡಿ ಅರ್ಧ ತಿರುಗಿ ನಿಂತಿತು. ತೆಗೆದಿರಲಿಲ್ಲ. ಹೊಸ ಬೀಗ ಒಳಗಿನಿಂದ ಹಾಕಿತ್ತು. ಮೆಟ್ರೊ ಎದ್ದು ಹೋಗಿ ಬೀಗ ಹಿಡಿದ. ಅದನ್ನು ಯಾವ ಕಡೆ ತಿರುಗಿಸಬೇಕೆಂದು ಅವನಿಗೆ ಇನ್ನೂ ರೂಢಿಯಾಗಿರಲಿಲ್ಲ. ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ, ಎಲ್ಸಿ ಬಂದು ತೆಗೆದಳು. ಅಷ್ಟರಲ್ಲಿ ಆರ್ವಿಡ್ ಮೆಟ್ಟಿಲಿಳಿದು ಕೆಳಗೆ ನಿಂತಿದ್ದ, ತಲೆಯ ಮೇಲಿನ ಟೋಪಿ ಕೈಯಲ್ಲಿ. ಅಂಗಳದಲ್ಲಿ ಉದ್ದದ ಏಣಿ ಮಲಗಿತ್ತು. ಹಿಮ ತಾಗದಿರಲೆಂದು ಕೆಳಗೆ ಎರಡು ಮರದ ತುಂಡು ಕೊಟ್ಟಿದ್ದ.

"ಏಣಿ," ಎಂದ. "ಕೇಳ್ದೆ ತಗೊಂಡಿದ್ದೆ. ತಂದಿಟ್ಟಿದ್ದೀನಿ."

ಊಟ ಮಾಡಿ ಹೋಗು ಎಂದಳು ಎಲ್ಸಿ. ಅವನು ತುಂಬ ನಯವಾಗಿ, ಹೊಸಬರಿಗೆ ಹೇಳುವ ಹಾಗೆ, ಬೇಡ ಎಂದು ಹೇಳಿ ಗಾಡಿ ಹತ್ತಿದ. ಹೊರಡುವಾಗ ಮೆಟ್ರೊ ಬೆರಳೆತ್ತಿದ. ಆರ್ವಿಡ್ ಕೈ ಬೀಸಿದ, ಪೂರ್ತಿ ಕೈ.

ಮರುದಿನ ಮೆಟ್ರೊ ಅಂಗಡಿಗೆ ಬಂದ. ಏನೂ ಕೊಳ್ಳಲಿಲ್ಲ. ನನ್ನನ್ನು ಹೊರಗೆ ಕರೆದು ತನ್ನ ಪಿಕಪ್ಪಿನ ಹಿಂಭಾಗ ತೋರಿಸಿದ. ನೀಲಿ ಪಟ್ಟಿಯ ಆ ಜಾಕ್ ಅಲ್ಲಿ ಮಲಗಿತ್ತು. ಬೆಳಿಗ್ಗೆಯಿಂದ ಆರ್ವಿಡ್‌ನ ಅಂಗಳದವರೆಗೆ ಹೋಗುವುದು, ಒಳಗೆ ತಿರುಗದೆ ಮುಂದೆ ಸಾಗುವುದು, ಮತ್ತೆ ವಾಪಸು ಬರುವುದು ಇದೇ ಮಾಡುತ್ತಿದ್ದೇನೆ ಎಂದ. ಮುಖ ನೋಡಲಾಗುತ್ತಿರಲಿಲ್ಲ. ಜಾಕಿನ ಮೇಲೆ ಕೈಯಾಡಿಸುತ್ತ ಕೇಳಿದ.

"ಇದನ್ನ ವಾಪಸ್ ಕೊಟ್ಬಿಟ್ರೆ ನಮ್ಮಿಬ್ರದ್ದೂ ಮುಗಿದೇ ಹೋಗುತ್ತೆ. ಕೊಡ್ದೇ ಇಟ್ಕೊಂಡ್ರೆ, ಈಗಿನ ಲೆಕ್ಕದಲ್ಲಿ, ನಾನು ಕಳ್ಳ. ನೀನೇ ಹೇಳು, ಏನ್ ಮಾಡ್ಲಿ?"

ಅಂಗಡಿಯೊಳಗೆ ಗಿರಾಕಿಯೊಬ್ಬ ಹೊಸ ಬೀಗ ಬಂದಿದೆಯಾ ಎಂದು ಕೇಳುತ್ತಿದ್ದ, ಬಂದಿದೆ ಎಂದು ಒಳಗೆ ಹೋದೆ. ಮೆಟ್ರೊ ಗಾಡಿ ಹತ್ತಿ ಹೊರಟ. ಹಿಮ ಕರಗಿ ರಸ್ತೆಗಳೆಲ್ಲ ಕೆಸರಾಗುವವರೆಗೂ ಆ ಜಾಕ್ ಅವನ ಗಾಡಿಯ ಹಿಂದೆಯೇ ಗಡಗಡ ಎನ್ನುತ್ತಿತ್ತು. ಎಲ್ಲಿ ನಿಲ್ಲಿಸಿದರೂ ಅವನು ಕೀಲಿಕೈಯನ್ನು ಗಾಡಿಯಲ್ಲೇ ಬಿಟ್ಟು ಇಳಿಯುತ್ತಿದ್ದ. ಯಾರೂ ಆ ಗಾಡಿಯನ್ನು ಒಯ್ಯಲಿಲ್ಲ.